ಕಾರಿನ ಪೇಂಟ್ ಮೇಲೆ ಹಠ ಹಿಡಿದ ವ್ಯಾಕ್ಸ್, ಪಾಲಿಶ್, ಕೋಟಿಂಗ್ ಕಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಮೈಮೇಲೆ ಹೋಗದೆ ಉಳಿಯುವ ಕಲೆಗಳಲ್ಲಿ ಬಹಳಷ್ಟು ರಸ್ತೆಯಿಂದ ಬಂದವಲ್ಲ, ಹೊಳಪಿಗೆಂದು ನಾವೇ ಹಚ್ಚಿದ ಪದಾರ್ಥಗಳಿಂದ ಆದವು. ವ್ಯಾಕ್ಸ್, ಪಾಲಿಶ್, ಶಾಂಪೂ, ಕೋಟಿಂಗ್, ಸ್ಟಿಕರ್ ಅಂಟು, ಹಬ್ಬದ ಕುಂಕುಮ, ತೊಳೆಯುವ ನೀರು ಎಲ್ಲವೂ ಈ ಪಟ್ಟಿಯಲ್ಲಿವೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ.

## ಕೈ ಹಾಕುವ ಮುಂಚೆ

ಕಲೆ ಪೇಂಟ್ ಮೇಲಿದೆಯೋ, ಒಳಗೇ ಇಳಿದುಬಿಟ್ಟಿದೆಯೋ ಹೇಗೆ ಗೊತ್ತಾಗುತ್ತೆ?

ಕಾರನ್ನು ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಕಲೆಯ ಮೇಲೆ ಬೆರಳ ತುದಿ ಆಡಿಸಿ. ಉಬ್ಬಿದಂತೆ ಅಥವಾ ತರಿತರಿಯಾಗಿ ತಾಗಿದರೆ ಏನೋ ಮೇಲೆ ಕೂತಿದೆ. ಅದನ್ನು ಕರಗಿಸಿ ತೆಗೆಯಬಹುದು. ನುಣುಪಾಗಿದ್ದರೂ ಬಣ್ಣ ಬೇರೆ ಕಂಡರೆ ತೆಳುವಾದ ಪೊರೆ ಇರಬಹುದು. ಅಂಥ ಜಾಗದಲ್ಲಿ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒಮ್ಮೆ ಒರೆಸಿ ನೋಡಿ. ಕಲೆಯ ಆಕಾರವೋ ಗಾಢತೆಯೋ ಸ್ವಲ್ಪ ಬದಲಾದರೂ ಅದು ಯಾವುದೋ ಪ್ರಾಡಕ್ಟ್‌ನ ಉಳಿಕೆಯೇ. ಏನೂ ಬದಲಾಗದೆ, ಬೆಳಕಿನಲ್ಲಿ ಅಂಚು ಕಟ್ಟಿದ ಸಣ್ಣ ಗುಳಿಗಳು ಕಂಡರೆ ಪೇಂಟಿನ ಮೇಲ್ಪದರವೇ ಕೊರೆದುಹೋಗಿದೆ. ಅದಕ್ಕೆ ಯಾವ ದ್ರಾವಣವೂ ಮದ್ದಲ್ಲ, ಪಾಲಿಶ್ ಒಂದೇ ದಾರಿ.

ಇಷ್ಟು ಮಾಡಲು ಐದು ನಿಮಿಷ ಸಾಕು. ಇದನ್ನು ಬಿಟ್ಟು ನೇರವಾಗಿ ರಬ್ಬಿಂಗ್ ಕಾಂಪೌಂಡ್‌ಗೆ (ಪೇಂಟನ್ನು ಸವೆಸುವ ಒರಟು ಪೇಸ್ಟ್) ಹೋಗುವುದರಿಂದಲೇ ಹೆಚ್ಚಿನ ಪೇಂಟ್ ಹಾಳಾಗುವುದು.

ಗಟ್ಟಿಯಾಗಿ ತಿಕ್ಕಿದರೆ ಏನು ತೊಂದರೆ? ಪೇಂಟ್ ಅಷ್ಟು ತೆಳುವಾ?

ಹೌದು, ತೆಳುವೇ. ಕಂಪನಿಯಿಂದ ಬಂದ ಪೇಂಟು ಎಲ್ಲ ಪದರ ಸೇರಿ ಸಾಮಾನ್ಯವಾಗಿ 90ರಿಂದ 140 ಮೈಕ್ರಾನ್ ಇರುತ್ತದೆ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಅದರಲ್ಲಿ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಸುಮಾರು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಬಿಸಿಲಿನ ಅತಿನೇರಳೆ ಕಿರಣ ತಡೆಯುವುದು ಈ ಪದರವೇ. ಒಮ್ಮೆ ಕಾಂಪೌಂಡ್ ಹಾಕಿ ಉಜ್ಜಿದರೆ ಇದರಲ್ಲಿ ಕೆಲವು ಮೈಕ್ರಾನ್ ಸವೆಯುತ್ತದೆ, ಸವೆದದ್ದು ತಿರುಗಿ ಬರುವುದಿಲ್ಲ. ಹಾಗಾಗಿ ಕ್ರಮ ಯಾವಾಗಲೂ ಹೀಗಿರಲಿ: ನೀರು ಮತ್ತು ಶಾಂಪೂ, ಆಮೇಲೆ ಕಲೆಗೆ ತಕ್ಕ ದ್ರಾವಣ, ಆಮೇಲೆ ಕ್ಲೇ ಬಾರ್ (ಪೇಂಟಿಗೆ ಅಂಟಿದ ಕಣ ಎತ್ತುವ ಜೇಡಿಯಂಥ ಮುದ್ದೆ), ಕೊನೆಗೆ ಪಾಲಿಶ್.

ಕೆಲವು ಹಳೆಯ ಸಾಲಿಡ್ (ಮೆಟಾಲಿಕ್ ಮಿನುಗಿಲ್ಲದ) ಬಣ್ಣಗಳಲ್ಲಿ ಕ್ಲಿಯರ್ ಕೋಟೇ ಇರುವುದಿಲ್ಲ. ಪಾಲಿಶ್ ಮಾಡುವಾಗ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ನಿಮ್ಮದು ಆ ಬಗೆಯದು. ಅಲ್ಲಿ ಕೈ ಇನ್ನೂ ಹಗುರವಾಗಿರಲಿ.

ಮನೆಯಲ್ಲಿ ಏನೇನು ಇಟ್ಟುಕೊಂಡಿರಬೇಕು?

ದುಬಾರಿ ಕಿಟ್ ಬೇಡ. 300ರಿಂದ 400 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಮೈಕ್ರೋಫೈಬರ್ ಬಟ್ಟೆ ಆರು, ಪಿಎಚ್ ನ್ಯೂಟ್ರಲ್ ಕಾರ್ ಶಾಂಪೂ, ಮೆಡಿಕಲ್ ಶಾಪ್‌ನಲ್ಲಿ ಸಿಗುವ 70% ಐಸೋಪ್ರೊಪೈಲ್ ಆಲ್ಕೋಹಾಲ್, ಬಿಳಿ ವಿನೆಗರ್, ಟಾರ್ ರಿಮೂವರ್ (ಡಾಂಬರಿನಂಥ ಜಿಡ್ಡು ಕರಗಿಸುವ ದ್ರವ), ಮೃದು ಕ್ಲೇ ಬಾರ್, ಮೆದು ಫೋಮ್ ಅಪ್ಲಿಕೇಟರ್, ಒಂದು ಡಬ್ಬಿ ಫಿನಿಶಿಂಗ್ ಪಾಲಿಶ್ (ಪಾಲಿಶ್‌ಗಳಲ್ಲಿ ಅತಿ ನಯವಾದದ್ದು). ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ಬೋರ್‌ವೆಲ್ ನೀರು ಬೇಡ.

ಆಲ್ಕೋಹಾಲನ್ನು ಹಾಗೇ ಸುರಿಯಬಾರದು. 250 ಮಿ.ಲೀ. ಆಲ್ಕೋಹಾಲ್‌ಗೆ 750 ಮಿ.ಲೀ. ಡಿಸ್ಟಿಲ್ಡ್ ವಾಟರ್ ಸೇರಿಸಿದರೆ ಸುಮಾರು 17% ದ್ರಾವಣವಾಗುತ್ತದೆ. ಹೆಚ್ಚಿನ ಕೆಲಸಕ್ಕೆ ಅದು ಸಾಕು. ಮೈಕ್ರೋಫೈಬರ್ ಬಟ್ಟೆ ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಅದರ ಎಣ್ಣೆಯಂಥ ಅಂಶ ಎಳೆಗಳಲ್ಲಿ ಕೂತು, ಮುಂದಿನ ಸಲ ಒರೆಸುವಾಗ ಗಾಜಿನ ಮೇಲೂ ಪೇಂಟಿನ ಮೇಲೂ ಮಸುಕು ಬಿಡುತ್ತದೆ.

ಟೂತ್‌ಪೇಸ್ಟ್, ಥಿನ್ನರ್, ನೈಲ್ ಪಾಲಿಶ್ ರಿಮೂವರ್, ಟಾಯ್ಲೆಟ್ ಕ್ಲೀನರ್ ಹಾಕಿದರೆ ಹೋಗುತ್ತೆ ಅಂತಾರಲ್ಲ?

ಟೂತ್‌ಪೇಸ್ಟ್‌ನಲ್ಲಿ ಉಜ್ಜುವ ಪುಡಿ ಇದೆ, ಆದರೆ ಅದರ ಕಣಗಳ ಗಾತ್ರ ಕಾರಿನ ಪೇಂಟಿಗೆ ಅಳೆದು ಮಾಡಿದ್ದಲ್ಲ. ಕಲೆಯ ಜೊತೆಗೆ ಸಣ್ಣ ಗೀರುಗಳನ್ನೂ ಬಿಡುತ್ತದೆ. ಥಿನ್ನರ್ ಮತ್ತು ನೈಲ್ ಪಾಲಿಶ್ ರಿಮೂವರಿನಲ್ಲಿರುವ ಅಸಿಟೋನ್ ಕಂಪನಿ ಪೇಂಟನ್ನು ಮಂಕಾಗಿಸಬಹುದು. ಗ್ಯಾರೇಜಿನಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್‌ನಿಂದ ಟಚ್‌ಅಪ್ ಮಾಡಿಸಿದ ಜಾಗವಿದ್ದರಂತೂ ಬಣ್ಣವೇ ಬಟ್ಟೆಗೆ ಬಂದುಬಿಡುತ್ತದೆ. ಟಾಯ್ಲೆಟ್ ಕ್ಲೀನರ್‌ನಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಸಂದಿಗೊಂದಿಗೆ ಇಳಿದು ಕ್ರೋಮ್, ಅಲ್ಯೂಮಿನಿಯಂ, ತಗಡಿನ ಅಂಚು ಎಲ್ಲವನ್ನೂ ತಿನ್ನುತ್ತದೆ. ಈ ನಾಲ್ಕನ್ನೂ ಕಾರಿನ ಹತ್ತಿರವೇ ತರಬೇಡಿ.

## ನಾವೇ ಹಚ್ಚಿದ್ದು ಕಲೆಯಾದಾಗ

ವ್ಯಾಕ್ಸ್ ಹಚ್ಚಿ ಬಿಸಿಲಲ್ಲಿ ಬಿಟ್ಟಿದ್ದೆ, ಬಿಳಿ ಪೊರೆ ಕಟ್ಟಿದೆ. ಎಷ್ಟು ಒರೆಸಿದರೂ ಬರ್ತಿಲ್ಲ. ಏನ್ ಮಾಡಲಿ?

ಅದೇ ವ್ಯಾಕ್ಸನ್ನು ಇನ್ನೊಂದು ಸಲ ತೆಳ್ಳಗೆ ಹಚ್ಚಿ. ಕೇಳಲು ವಿಚಿತ್ರ, ಆದರೆ ಕೆಲಸ ಮಾಡುವುದು ಇದೇ. ಹೊಸ ವ್ಯಾಕ್ಸ್‌ನಲ್ಲಿರುವ ಸಾಲ್ವೆಂಟ್ (ಕರಗಿಸುವ ದ್ರವ) ಒಣಗಿದ ಹಳೆಯ ಪದರವನ್ನು ಮೆತ್ತಗಾಗಿಸುತ್ತದೆ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಜಾಗ ಮಾತ್ರ ತೆಗೆದುಕೊಂಡು, ಹಚ್ಚಿ, 20–30 ಸೆಕೆಂಡಿನಲ್ಲೇ ಶುಭ್ರ ಬಟ್ಟೆಯಿಂದ ಒರೆಸಿ. ಬಟ್ಟೆಯ ಮಗ್ಗುಲು ಬದಲಿಸುತ್ತಾ ಇರಿ. ತುಂಬಿದ ಮಗ್ಗುಲು ವ್ಯಾಕ್ಸನ್ನು ತೆಗೆಯುವ ಬದಲು ಆಚೀಚೆ ಸವರುತ್ತದೆ. ಆಮೇಲೂ ಮೋಡ ಕವಿದಂತೆ ಉಳಿದರೆ ಆಲ್ಕೋಹಾಲ್ ದ್ರಾವಣದಿಂದ ಒರೆಸಿ ಮೊದಲಿನಿಂದ ಶುರುಮಾಡಿ.

ಹೀಗಾಗುವುದಕ್ಕೆ ಕಾರಣ ಎರಡು: ಬಿಸಿ ತಗಡು ಮತ್ತು ದಪ್ಪ ಲೇಪ. ಬಾನೆಟ್ ಮೇಲೆ ಅಂಗೈ ಇಟ್ಟಾಗ ಬಿಸಿ ಅನಿಸಿದರೆ ಅವತ್ತು ವ್ಯಾಕ್ಸ್ ಬೇಡ. ಒಂದು ಸಣ್ಣ ಕಾರಿಗೆ ಪೇಸ್ಟ್ ವ್ಯಾಕ್ಸ್ ಒಂದೆರಡು ಟೀ ಚಮಚಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಹಚ್ಚಿದ ಮೇಲೆ ಬೆರಳಿನಿಂದ ಎಳೆದು ನೋಡಿ, ಸ್ವಚ್ಛವಾಗಿ ಗೆರೆ ಬಿದ್ದರೆ ಒರೆಸುವ ಸಮಯ ಬಂತು. ಮೆತ್ತಿಕೊಂಡರೆ ಇನ್ನೂ ಸ್ವಲ್ಪ ಕಾಯಿರಿ.

ಕಪ್ಪು ಪ್ಲಾಸ್ಟಿಕ್ ಟ್ರಿಮ್ ಮೇಲೆ ಪಾಲಿಶ್ ತಾಗಿ ಬೆಳ್ಳಗಾಗಿದೆ, ಒದ್ದೆ ಮಾಡಿದಾಗ ಕಾಣಲ್ಲ, ಒಣಗಿದ ಮೇಲೆ ಮತ್ತೆ ಬರುತ್ತೆ.

ತರಿತರಿಯಾದ ಪ್ಲಾಸ್ಟಿಕ್‌ನ ಸಣ್ಣ ರಂಧ್ರಗಳಲ್ಲಿ ಪಾಲಿಶ್‌ನ ಪುಡಿ ಕೂತಿದೆ. ಬಟ್ಟೆ ಅಲ್ಲಿಗೆ ತಲುಪುವುದಿಲ್ಲ, ಬ್ರಷ್ ಬೇಕು. ಆಲ್ ಪರ್ಪಸ್ ಕ್ಲೀನರನ್ನು ಒಂದಕ್ಕೆ ಹತ್ತು ಪಾಲು ನೀರಿನಲ್ಲಿ ಬೆರೆಸಿ ಸಿಂಪಡಿಸಿ, ಮೃದು ಹಲ್ಲುಜ್ಜುವ ಬ್ರಷ್‌ನಿಂದ ಸುತ್ತು ಸುತ್ತಾಗಿ ತಿಕ್ಕಿ, ಒಣಗಲು ಬಿಡದೆ ನೀರಿನಿಂದ ತೊಳೆಯಿರಿ. ಇದನ್ನು ಎರಡು ಮೂರು ಸಲ ಮಾಡಬೇಕಾಗಬಹುದು. ಜಗ್ಗದಿದ್ದರೆ ವೈಟ್ ಸ್ಪಿರಿಟ್ (ಪೆಟ್ರೋಲಿಯಂ ಮೂಲದ ಸಾಲ್ವೆಂಟ್) ಬಟ್ಟೆಗೆ ಹಾಕಿಕೊಂಡು ಒರೆಸಿ, ಕೂಡಲೇ ಶಾಂಪೂ ನೀರಿನಿಂದ ತೊಳೆಯಿರಿ. ಪಾಲಿಶ್ ಶುರುಮಾಡುವ ಮುಂಚೆ ಟ್ರಿಮ್ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದ್ದರೆ ಈ ಕೆಲಸವೇ ಇರುತ್ತಿರಲಿಲ್ಲ.

ವಾಶಿಂಗ್ ಸೆಂಟರಿನಿಂದ ಬಂದ ಮೇಲೆ ಬಾಗಿಲ ಮೇಲೆಲ್ಲ ಉದ್ದುದ್ದ ಬಿಳಿ ಗೆರೆ. ಶಾಂಪೂನೋ, ಗೀರೋ?

ಮೇಲಿನಿಂದ ಕೆಳಗೆ ಇಳಿದ ಗೆರೆಯಾದರೆ ಬಹುಮಟ್ಟಿಗೆ ಶಾಂಪೂ ಒಣಗಿದ್ದು. ಗೀರು ಹಾಗೆ ನೀರು ಹರಿದ ದಾರಿಯಲ್ಲೇ ಇರುವುದಿಲ್ಲ. ಹೊಸದಾಗಿ ಶಾಂಪೂ ಬೆರೆಸಿ, ಆ ಜಾಗವನ್ನು ಒಂದೆರಡು ನಿಮಿಷ ನೊರೆಯಲ್ಲಿ ನೆನೆಸಿ ತೊಳೆದರೆ ಹೋಗುತ್ತದೆ. ಹೋಗದಿದ್ದರೆ ಬಳಸಿದ್ದು ಬಟ್ಟೆ ಸೋಪಿನ ಪುಡಿಯೋ ಬಲವಾದ ಕ್ಷಾರದ ನೊರೆಯೋ ಆಗಿರುತ್ತದೆ. ಅವು ಪೇಂಟ್ ಮೇಲಿನ ವ್ಯಾಕ್ಸನ್ನೂ ತೊಳೆದುಹಾಕುತ್ತವೆ. ಆಗ ಫಿನಿಶಿಂಗ್ ಪಾಲಿಶ್‌ನಿಂದ ಕೈಯಲ್ಲೇ ಒಂದು ಸುತ್ತು ತಿಕ್ಕಿ, ವ್ಯಾಕ್ಸ್ ಮತ್ತೆ ಹಚ್ಚಬೇಕು.

ಟೈರಿಗೆ ಪಾಲಿಶ್ ಹಾಕಿಸಿದ ಮೇಲೆ ಚಕ್ರದ ಹಿಂದೆ ಕಂದು ಬಣ್ಣದ ಚುಕ್ಕಿ ಚುಕ್ಕಿ.

ಒಣಗದ ಟೈರ್ ಡ್ರೆಸಿಂಗ್ ಚಕ್ರ ತಿರುಗುವಾಗ ಚಿಮ್ಮಿ, ಅದಕ್ಕೆ ಧೂಳು ಹಿಡಿದಿದೆ. ಸಿಲಿಕೋನ್ ಎಣ್ಣೆ ನೀರಿಗೆ ಜಗ್ಗುವುದಿಲ್ಲ. ಟಾರ್ ರಿಮೂವರ್ ಬಟ್ಟೆಗೆ ಹಾಕಿ ಚುಕ್ಕಿಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು ಒರೆಸಿ, ನಂತರ ಶಾಂಪೂ ಹಾಕಿ ತೊಳೆಯಿರಿ. ಮುಂದಿನ ಸಲ ಡ್ರೆಸಿಂಗನ್ನು ಸ್ಪಂಜಿನಿಂದ ಹಚ್ಚಿಸಿ, ಹದಿನೈದು ನಿಮಿಷ ಬಿಟ್ಟು, ಹೆಚ್ಚಾದದ್ದನ್ನು ಒರೆಸಿದ ಮೇಲೆಯೇ ಗಾಡಿ ತೆಗೆಯಿರಿ.

ಡೀಸೆಲ್ ಸ್ಪ್ರೇ ಹೊಡೆದು ಒರೆಸಿದರು, ಮೊದಲ ದಿನ ಮಿರಮಿರ ಮಿಂಚಿತು, ಈಗ ಮಂಕು.

ಮಿಂಚಿದ್ದು ಎಣ್ಣೆ, ಪೇಂಟಲ್ಲ. ಎರಡು ದಿನದಲ್ಲಿ ಅದಕ್ಕೆ ಧೂಳು ಮೆತ್ತಿ ಜಿಡ್ಡಾಗುತ್ತದೆ. ಆ ಧೂಳನ್ನು ಒಣಬಟ್ಟೆಯಿಂದ ಒರೆಸಿದರೆ ಗೀರು ಖಂಡಿತ. ಮೊದಲು ನೀರು ಬಿಟ್ಟು ಧೂಳು ಇಳಿಸಿ, ಶಾಂಪೂ ಹಾಕಿ ಎರಡು ಸಲ ತೊಳೆಯಿರಿ, ಒಣಗಿದ ಮೇಲೆ ಆಲ್ಕೋಹಾಲ್ ದ್ರಾವಣದಿಂದ ಒಂದೊಂದೇ ಪ್ಯಾನಲ್ ಒರೆಸಿ. ಡೀಸೆಲ್, ಸೀಮೆಎಣ್ಣೆ ಎರಡೂ ಬಾಗಿಲ ರಬ್ಬರ್ ಬೀಡಿಂಗನ್ನು ಊದಿಸಿ ಮೆತ್ತಗೆ ಮಾಡುತ್ತವೆ. ಅದಕ್ಕೇ ‘ಡೀಸೆಲ್ ಬೇಡ’ ಎಂದು ಗಾಡಿ ಬಿಡುವಾಗಲೇ ಬಾಯಿಬಿಟ್ಟು ಹೇಳಿ.

ಸೆರಾಮಿಕ್ ಕೋಟಿಂಗ್ ಆದಮೇಲೆ ಅಲ್ಲಲ್ಲಿ ಕಾಮನಬಿಲ್ಲಿನ ಥರ, ಎಣ್ಣೆ ಸವರಿದ ಥರ ಕಪ್ಪು ಪಟ್ಟೆ ಕಾಣ್ತಿದೆ. ತೊಳೆದರೆ ಹೋಗುತ್ತಾ?

ಹೋಗುವುದಿಲ್ಲ. ಸೆರಾಮಿಕ್ ಕೋಟಿಂಗ್ ಅಂದರೆ ಪೇಂಟ್ ಮೇಲೆ ದ್ರವವಾಗಿ ಹಚ್ಚಿ ಗಟ್ಟಿಯಾಗಲು ಬಿಡುವ ರಕ್ಷಣೆಯ ಪದರ. ಅದನ್ನು ಹಚ್ಚುವವರು ಈ ಪಟ್ಟೆಯನ್ನು ಹೈ ಸ್ಪಾಟ್ ಅನ್ನುತ್ತಾರೆ. ಹೆಚ್ಚಾದ ದ್ರವವನ್ನು ಸಮವಾಗಿ ಒರೆಸದೆ ಬಿಟ್ಟ ಜಾಗದಲ್ಲಿ ಅದು ದಪ್ಪವಾಗಿ ಗಟ್ಟಿಯಾಗುತ್ತದೆ. ಒಂದೇ ಟ್ಯೂಬ್‌ಲೈಟ್ ಕೆಳಗೆ ಕೆಲಸ ಮಾಡಿದಾಗ ಕಣ್ಣು ತಪ್ಪಿ, ಮರುದಿನ ಬಿಸಿಲಲ್ಲಿ ಎದ್ದು ಕಾಣುತ್ತದೆ.

ಪರಿಹಾರ ಎಷ್ಟು ಹೊತ್ತಾಗಿದೆ ಎಂಬುದರ ಮೇಲಿದೆ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಕಂಡರೆ ಹೊಸ ಬಟ್ಟೆಯಿಂದ ಸ್ವಲ್ಪ ಒತ್ತಿ ಒರೆಸಿದರೆ ಸಾಕು. ಗಂಟೆಯಷ್ಟು ಕಳೆದಿದ್ದರೆ ಅದೇ ಕೋಟಿಂಗಿನ ಎರಡು ಮೂರು ಹನಿಯನ್ನು ಆ ಜಾಗಕ್ಕೆ ಹಚ್ಚಿ. ಹಳೆಯದು ಮೆತ್ತಗಾದ ಕೂಡಲೇ ಎರಡು ಬಟ್ಟೆಯಿಂದ ಒರೆಸಿ: ಮೊದಲನೆಯದು ಎತ್ತಲು, ಎರಡನೆಯದು ಸಮ ಮಾಡಲು. ಒಂದು ರಾತ್ರಿ ಕಳೆದರೆ ಇದು ನಡೆಯುವುದು ಕಡಿಮೆ. ಆಗ ಫಿನಿಶಿಂಗ್ ಪಾಲಿಶ್‌ನಿಂದ ಅಷ್ಟು ಜಾಗದ ಕೋಟಿಂಗ್ ತೆಗೆದು, ಆಲ್ಕೋಹಾಲ್ ದ್ರಾವಣದಿಂದ ಒರೆಸಿ, ಆ ಜಾಗಕ್ಕಷ್ಟೇ ಮತ್ತೆ ಹಚ್ಚಬೇಕು. ದುಡ್ಡು ಕೊಟ್ಟು ಮಾಡಿಸಿದ್ದಾದರೆ ನೀವು ಮುಟ್ಟಬೇಡಿ, ಮಾಡಿದವರೇ ಸರಿಪಡಿಸಲಿ. ಗಾಡಿ ತೆಗೆದುಕೊಳ್ಳುವಾಗ ಅಂಗಡಿಯ ದೀಪದಡಿ ನೋಡಿ ಒಪ್ಪಿಕೊಳ್ಳದೆ, ಹೊರಗೆ ಬಿಸಿಲಿಗೆ ತಂದು ನೋಡಿ.

ಹಿಂದಿನ ಓನರ್ ಅಂಟಿಸಿದ ಸ್ಟಿಕರ್ ಕಿತ್ತೆ, ಅಂಟು ಉಳಿದಿದೆ. ಬ್ಲೇಡ್ ಹಾಕಲಾ?

ಗಾಜಿನ ಮೇಲಾದರೆ ಹಾಕಬಹುದು, ಪೇಂಟ್ ಮೇಲೆ ಬೇಡವೇ ಬೇಡ. ಹೇರ್ ಡ್ರೈಯರನ್ನು ಒಂದು ಗೇಣು ದೂರದಲ್ಲಿ ಆಡಿಸುತ್ತಾ, ಕೈ ಇಟ್ಟರೆ ತಡೆಯುವಷ್ಟು ಮಾತ್ರ ಬಿಸಿ ಮಾಡಿ. ಅಂಟು ಮೆತ್ತಗಾದಾಗ ಹೆಬ್ಬೆರಳಿನಿಂದ ಉರುಳಿಸಿದರೆ ಉಂಡೆಯಾಗಿ ಬರುತ್ತದೆ. ಹಳೆಯ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ ಮೆಲ್ಲನೆ ನೂಕಬಹುದು. ಉಳಿದದ್ದಕ್ಕೆ ಟಾರ್ ರಿಮೂವರ್. ಅದಿಲ್ಲದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಒರೆಸಿ. ನಿಧಾನ, ಆದರೆ ಪೇಂಟಿಗೆ ಅಪಾಯವಿಲ್ಲ.

ಸ್ಟಿಕರಿನ ಆಕಾರ ಮಾತ್ರ ಅಚ್ಚೊತ್ತಿದಂತೆ ಉಳಿದರೆ ಅದು ಅಂಟಲ್ಲ. ಸುತ್ತಲಿನ ಪೇಂಟ್ ಬಿಸಿಲಿಗೆ ಮಾಸಿದೆ, ಸ್ಟಿಕರ್ ಕೆಳಗಿನದು ಮಾಸಿಲ್ಲ. ಸುತ್ತಲ ಭಾಗಕ್ಕೆ ಪಾಲಿಶ್ ಮಾಡಿದರೆ ವ್ಯತ್ಯಾಸ ಕಡಿಮೆಯಾದೀತು, ಪೂರ್ತಿ ಹೋಗುವ ಭರವಸೆ ಕೊಡಲಾಗದು.

## ಹಬ್ಬ, ಬೋರ್‌ವೆಲ್, ಬೇಸ್‌ಮೆಂಟ್

ಆಯುಧ ಪೂಜೆಗೆ ಬಾನೆಟ್ ಮೇಲೆ ಅರಿಶಿನ ಕುಂಕುಮ ಹಚ್ಚಿದ್ದು ಹೋಗ್ತಾನೇ ಇಲ್ಲ. ಬಿಳಿ ಕಾರು. ಸೋಪು ಹಾಕಿದರೆ ಹಳದಿ ಇದ್ದದ್ದು ಕೆಂಪಾಯ್ತು!

ಅರಿಶಿನದ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್. ಅದಕ್ಕೆ ಮೂರು ಗುಣಗಳಿವೆ, ಮೂರೂ ಇಲ್ಲಿ ಮುಖ್ಯ. ಕ್ಷಾರ ತಾಗಿದರೆ ಕೆಂಪಾಗುತ್ತದೆ, ನಿಮ್ಮ ಸೋಪು ಮಾಡಿದ್ದು ಅದನ್ನೇ. ನೀರಿನಲ್ಲಿ ಕರಗುವುದಿಲ್ಲ, ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಬಿಸಿಲಿಗೆ ತನ್ನಷ್ಟಕ್ಕೆ ಬಣ್ಣ ಕಳೆದುಕೊಳ್ಳುತ್ತದೆ.

ಹಾಗಾಗಿ ಮೊದಲು ಬರೀ ನೀರು ಬಿಟ್ಟು ಪುಡಿಯೆಲ್ಲ ಇಳಿಸಿ. ವಿಭೂತಿ ಇದ್ದರಂತೂ ಒಣಬಟ್ಟೆಯಿಂದ ಒರೆಸಲೇಬೇಡಿ, ಬೂದಿಯ ಕಣ ಗೀರುತ್ತದೆ. ಒಣಗಿದ ಮೇಲೆ 70% ಆಲ್ಕೋಹಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿ, ಬಟ್ಟೆ ಒದ್ದೆ ಮಾಡಿ ಕಲೆಯ ಮೇಲೆ ಅರ್ಧ ನಿಮಿಷ ಇಟ್ಟು, ಉಜ್ಜದೆ ಎತ್ತಿ. ಬಟ್ಟೆಗೆ ಬಣ್ಣ ಬರುತ್ತಿರುವವರೆಗೂ ಹೊಸ ಮಗ್ಗುಲಿನಿಂದ ಹಾಗೇ ಮುಂದುವರಿಸಿ. ಕೊನೆಗೆ ಮಾಸಲು ಹಳದಿ ಉಳಿದರೆ ಕೆಲವು ದಿನ ಬಿಸಿಲಲ್ಲಿ ನಿಲ್ಲಿಸಿ. ಈ ಒಂದು ಕಲೆಗೆ ಮಾತ್ರ ಬಿಸಿಲೇ ಔಷಧಿ. ಅಂಗಡಿ ಕುಂಕುಮದಲ್ಲಿ ಕೃತಕ ಬಣ್ಣವಿದ್ದರೆ ಬಿಸಿಲನ್ನು ನೆಚ್ಚಬೇಡಿ. ಆಲ್ಕೋಹಾಲ್‌ಗೆ ಜಗ್ಗದಿದ್ದರೆ ಪಾಲಿಶ್ ಮಾಡಬೇಕಾಗುತ್ತದೆ.

ಬಾಳೆಕಂದು ಕಟ್ಟಿದ ಕಡೆ ಸೊನೆ ಇಳಿದು ಕಂದು ಕಲೆಯಾಗುತ್ತದೆ. ಅದನ್ನು ಅವತ್ತೇ ಒದ್ದೆ ಬಟ್ಟೆಯಿಂದ ತೆಗೆಯಬೇಕು. ಪೂಜೆಯ ಹಿಂದಿನ ದಿನ ಕಾರು ತೊಳೆದು ಒಂದು ಕೈ ವ್ಯಾಕ್ಸ್ ಹಚ್ಚಿಡಿ, ತಿಲಕವನ್ನು ಮುಂದಿನ ಗಾಜಿಗೆ ಇಡಿ. ಭಕ್ತಿಗೂ ಕೊರತೆಯಿಲ್ಲ, ಪೇಂಟಿಗೂ ಕೇಡಿಲ್ಲ.

ಬೋರ್‌ವೆಲ್ ನೀರಿನ ಬಿಳಿ ಉಂಗುರಗಳು. ವಿನೆಗರ್ ಹಾಕಬಹುದಾ?

ಹಾಕಬಹುದು, ಅಳತೆ ಗೊತ್ತಿದ್ದರೆ. ಗಡಸು ನೀರು ಒಣಗಿದಾಗ ಉಳಿಯುವುದು ಮುಖ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು; ದುರ್ಬಲ ಆಮ್ಲಕ್ಕೆ ಅವು ಕರಗುತ್ತವೆ. ಅಡುಗೆಯ ಬಿಳಿ ವಿನೆಗರ್ 100 ಮಿ.ಲೀ., ಡಿಸ್ಟಿಲ್ಡ್ ವಾಟರ್ 100 ಮಿ.ಲೀ. ಬೆರೆಸಿ. ತಣ್ಣಗಿರುವ ಪ್ಯಾನಲ್ ಮೇಲೆ, ನೆರಳಲ್ಲಿ, ಬಟ್ಟೆ ನೆನೆಸಿ ಒಂದೆರಡು ನಿಮಿಷ ಹಾಸಿ, ಒರೆಸಿ, ತಕ್ಷಣ ಶಾಂಪೂ ನೀರಿನಿಂದ ತೊಳೆಯಿರಿ. ಮೂರು ಸಲಕ್ಕೂ ಹೋಗದಿದ್ದರೆ ನಾಲ್ಕನೆಯದು ಬೇಡ: ಉಪ್ಪು ಹೋಗಿ ಅದು ಕೊರೆದ ಗುಳಿಯಷ್ಟೇ ಉಳಿದಿದೆ ಎಂದರ್ಥ. ನಿಂಬೆರಸದಲ್ಲಿ ಸಕ್ಕರೆ, ತಿರುಳು ಎರಡೂ ಇರುವುದರಿಂದ ಅದು ಬೇಡ.

ಕೋಟಿಂಗ್ ಇದ್ದರೂ ಈ ಉಂಗುರ ಬರುತ್ತದೆ. ಕೋಟಿಂಗ್ ನೀರನ್ನು ಮಣಿಯಂತೆ ನಿಲ್ಲಿಸುತ್ತದೆ, ಆ ಮಣಿ ಅಲ್ಲೇ ಒಣಗಿದರೆ ಉಪ್ಪೂ ಅಲ್ಲೇ. ತೊಳೆದ ಮೇಲೆ ಕೊನೆಯ ಬಕೆಟ್ ಆದರೂ ಆರ್‌ಒ ಅಥವಾ ಮಳೆನೀರಾಗಿರಲಿ, ತೊಳೆದ ಕೂಡಲೇ ಬಟ್ಟೆಯಿಂದ ಒಣಗಿಸಿ.

ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಸೀಲಿಂಗಿನಿಂದ ತೊಟ್ಟಿಕ್ಕಿ ಸುಣ್ಣದ ಥರ ಗಟ್ಟಿಯಾಗಿದೆ.

ಕಾಂಕ್ರೀಟಿನ ಮೂಲಕ ಇಳಿದ ನೀರು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹೊತ್ತು ತರುತ್ತದೆ. ಗಾಳಿ ತಾಗಿ ಅದು ಸುಣ್ಣದ ಕಲ್ಲಿನಂತೆ ಗಟ್ಟಿಯಾಗುತ್ತದೆ. ಉಗುರಿನಿಂದ ಎಬ್ಬಿಸಿದರೆ ಪೇಂಟ್ ಚಕ್ಕೆ ಏಳಬಹುದು. ಮೇಲೆ ಹೇಳಿದ ವಿನೆಗರ್ ಮಿಶ್ರಣವನ್ನೇ ಬಳಸಿ, ಆದರೆ ದಪ್ಪ ಪದರವಾದ್ದರಿಂದ ಐದೈದು ನಿಮಿಷಕ್ಕೆ ಬಟ್ಟೆ ಬದಲಿಸುತ್ತಾ, ನಡುನಡುವೆ ನೀರಿನಿಂದ ತೊಳೆಯುತ್ತಾ ಪದರ ಪದರವಾಗಿ ಕರಗಿಸಿ. ಗುಳ್ಳೆ ಏಳುವುದು ನಿಂತು, ಬೆರಳಿಗೆ ನುಣುಪಾಯಿತೆಂದರೆ ನಿಲ್ಲಿಸಿ. ಈ ನೀರು ಕ್ಷಾರವಾದ್ದರಿಂದ ಹಳೆಯದಾದಷ್ಟೂ ಪೇಂಟ್ ಮಂಕಾಗುತ್ತದೆ. ಸೋರಿಕೆ ನಿಲ್ಲುವವರೆಗೆ ಗಾಡಿ ಬೇರೆ ಕಡೆ ನಿಲ್ಲಿಸುವುದೇ ಸರಿ.

## ಇನ್ನೂ ಹಠ ಮಾಡುವ ಕಲೆಗಳು

ಬಿಳಿ ಕಾರಿನ ಮೇಲೆ ಕಿತ್ತಳೆ ಚುಕ್ಕಿಗಳು, ಶಾಂಪೂಗೂ ಟಾರ್ ರಿಮೂವರಿಗೂ ಜಗ್ಗಲ್ಲ. ತುಕ್ಕಾ?

ತುಕ್ಕೇ, ಆದರೆ ನಿಮ್ಮ ಕಾರಿನದಲ್ಲ. ಬ್ರೇಕ್ ಪ್ಯಾಡ್, ರೈಲು ಹಳಿ, ವೆಲ್ಡಿಂಗ್ ಶೆಡ್‌ಗಳಿಂದ ಹಾರಿಬಂದ ಕಬ್ಬಿಣದ ಕಣ ಪೇಂಟಿನಲ್ಲಿ ನಾಟಿಕೊಂಡು ತುಕ್ಕು ಹಿಡಿದಿದೆ. ಅಯರ್ನ್ ರಿಮೂವರ್ ಸಿಂಪಡಿಸಿದರೆ ಮೂರರಿಂದ ಐದು ನಿಮಿಷದಲ್ಲಿ ನೇರಳೆ ಬಣ್ಣ ಹರಿಯುತ್ತದೆ. ಅದು ಒಣಗುವ ಮುಂಚೆ ಧಾರಾಳ ನೀರಿನಿಂದ ತೊಳೆಯಿರಿ. ಒಣಗಿದರೆ ಅದೇ ಹೊಸ ಕಲೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಗ್ಲೌಸ್ ಹಾಕಿಕೊಂಡು ಗಾಳಿಯಾಡುವ ಕಡೆ ಮಾಡಿ. ಉಳಿದ ಕಣಗಳನ್ನು ಕ್ಲೇ ಬಾರ್ ತೆಗೆಯುತ್ತದೆ. ಕ್ಲೇಯನ್ನು ಶಾಂಪೂ ನೀರಿನಲ್ಲಿ ಚೆನ್ನಾಗಿ ಜಾರುವಂತೆ, ನೇರ ಗೆರೆಯಲ್ಲಿ, ಒತ್ತದೆ ಆಡಿಸಿ. ಕೈಜಾರಿ ನೆಲಕ್ಕೆ ಬಿದ್ದ ಕ್ಲೇ ತುಂಡನ್ನು ಎಸೆದುಬಿಡಿ, ಅದಕ್ಕೆ ಹತ್ತಿದ ಒಂದು ಮರಳಿನ ಕಣ ಇಡೀ ಬಾಗಿಲನ್ನು ಗೀರುತ್ತದೆ.

ಮಷಿನ್ ಪಾಲಿಶ್ ನಾನೇ ಮಾಡಬಹುದಾ?

ಡ್ಯುಯಲ್ ಆಕ್ಷನ್ ಮಷಿನ್ (ಪ್ಯಾಡ್ ತಿರುಗುತ್ತಲೇ ಆಚೀಚೆ ಓಲಾಡುವಂಥದ್ದು) ಆದರೆ ಮಾಡಬಹುದು. ಒಂದೇ ಕಡೆ ಗಿರಗಿರ ತಿರುಗುವ ರೋಟರಿ ಬೇಡ. ಅಭ್ಯಾಸವಿಲ್ಲದ ಕೈಯಲ್ಲಿ ಅಂಚು ಸುಟ್ಟು ಬಣ್ಣ ಕಾಣಿಸುತ್ತದೆ, ಬಿಸಿಲಲ್ಲಿ ಸುರುಳಿ ಗೆರೆ ಉಳಿಯುತ್ತದೆ.

5 ಇಂಚಿನ ಮೆದು ಫಿನಿಶಿಂಗ್ ಪ್ಯಾಡ್‌ಗೆ ಬಟಾಣಿ ಗಾತ್ರದ ನಾಲ್ಕು ಹನಿ ಫಿನಿಶಿಂಗ್ ಪಾಲಿಶ್ ಹಾಕಿ. 50 ಸೆಂ.ಮೀ. ಉದ್ದಗಲದ ಜಾಗದಲ್ಲಿ ಮೊದಲು ಮಷಿನ್ ಆಫ್ ಇಟ್ಟು ಸವರಿ, ಆಮೇಲೆ ಆರು ವೇಗಗಳ ಮಷಿನ್‌ನಲ್ಲಿ ನಾಲ್ಕನೆಯದರಲ್ಲಿ ಅಡ್ಡ ಒಂದು ಸಲ, ಉದ್ದ ಒಂದು ಸಲ, ಹೀಗೆ ನಾಲ್ಕು ಸುತ್ತು. ಕೈ ಸೆಕೆಂಡಿಗೆ ಎರಡು ಮೂರು ಸೆಂ.ಮೀ. ಮಾತ್ರ ಸಾಗಲಿ. ಪ್ಯಾಡ್ ಹಿಂಭಾಗಕ್ಕೆ ಕಪ್ಪು ಗುರುತು ಹಾಕಿಕೊಳ್ಳಿ; ಗುರುತು ತಿರುಗುವುದು ನಿಂತರೆ ಒತ್ತಡ ಹೆಚ್ಚಾಗಿದೆ. ಪ್ಯಾನಲ್ ಅಂಚು, ಬಾನೆಟ್ ಮಡಿಕೆಗಳಲ್ಲಿ ಪೇಂಟ್ ಅತಿ ತೆಳು, ಅಲ್ಲಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಒಂದು ಜಾಗ ಮುಗಿದ ಮೇಲೆ ಆಲ್ಕೋಹಾಲ್ ದ್ರಾವಣದಿಂದ ಒರೆಸಿ ನೋಡಿ. ಕಲೆ ಅರ್ಧ ಹೋಗಿದ್ದರೆ ಇನ್ನೊಂದೇ ಒಂದು ಸಲ ಮಾಡಿ, ಆಮೇಲೂ ಉಳಿದದ್ದನ್ನು ಬಿಟ್ಟುಬಿಡಿ.

ಪಾಲಿಶ್ ಮಾಡಿಸಿದಾಗ ಕಲೆ ಮಾಯ, ಎರಡು ಸಲ ತೊಳೆದ ಮೇಲೆ ಹಾಗೇ ಪ್ರತ್ಯಕ್ಷ. ಮೋಸ ಮಾಡಿದ್ರಾ?

ಕೆಲವು ಪಾಲಿಶ್ ಮತ್ತು ಗ್ಲೇಜ್‌ಗಳಲ್ಲಿ ಎಣ್ಣೆ, ಫಿಲ್ಲರ್ ಇರುತ್ತದೆ. ಅವು ಗುಳಿ ತುಂಬಿ ಕಲೆ ಮುಚ್ಚುತ್ತವೆ, ತೊಳೆದಂತೆಲ್ಲ ಇಳಿದುಹೋಗುತ್ತವೆ. ಮಾಡಿದವರಿಗೂ ಇದು ತಿಳಿದಿರದಿರಬಹುದು. ಕೆಲಸ ಮುಗಿದ ಕೂಡಲೇ ನಿಮ್ಮೆದುರಿಗೆ ಒಂದು ಕಡೆ ಆಲ್ಕೋಹಾಲ್ ದ್ರಾವಣದಿಂದ ಒರೆಸಿ ತೋರಿಸಲು ಕೇಳಿ. ಫಿಲ್ಲರ್ ಇದ್ದರೆ ಆಗಲೇ ಗೊತ್ತಾಗುತ್ತದೆ.

ಹೊಸದಾಗಿ ಪೇಂಟ್ ಮಾಡಿಸಿದ ಬಂಪರ್ ಮೇಲೆ ಕಲೆ. ಇದೇ ವಿಧಾನ ನಡೆಯುತ್ತಾ?

ಗ್ಯಾರೇಜ್ ಪೇಂಟಿನೊಳಗಿನ ಸಾಲ್ವೆಂಟ್ ಆರಲು ವಾರಗಳೇ ಬೇಕು. ಮೊದಲ 30 ದಿನ ಆಲ್ಕೋಹಾಲ್, ಟಾರ್ ರಿಮೂವರ್, ವಿನೆಗರ್ ಯಾವುದೂ ಬೇಡ; ನೀರು, ಶಾಂಪೂ ಮಾತ್ರ. ವ್ಯಾಕ್ಸ್, ಕೋಟಿಂಗ್‌ಗೆ 60 ದಿನ ಕಾಯುವುದು ಕ್ಷೇಮ, ಪೇಂಟ್ ಹಾಕಿದವರು ಬೇರೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಿ.

ಮ್ಯಾಟ್ ಪೇಂಟ್ ಅಥವಾ ಪಿಪಿಎಫ್ (ಪೇಂಟಿನ ರಕ್ಷಣೆಗೆ ಅಂಟಿಸುವ ಫಿಲ್ಮ್) ಇದ್ದರೆ?

ಮ್ಯಾಟ್ ಮೇಲೆ ಪಾಲಿಶ್, ಕ್ಲೇ, ವ್ಯಾಕ್ಸ್ ಮೂರೂ ನಿಷಿದ್ಧ. ಉಜ್ಜಿದ ಜಾಗ ಹೊಳೆಯತೊಡಗುತ್ತದೆ, ಆ ಹೊಳಪನ್ನು ಮತ್ತೆ ಮ್ಯಾಟ್ ಮಾಡಲು ಆಗುವುದಿಲ್ಲ. 17% ಆಲ್ಕೋಹಾಲ್ ದ್ರಾವಣದಲ್ಲಿ ನೆನೆಸಿದ ಬಟ್ಟೆ ಹಾಸಿ ಎತ್ತುವವರೆಗೆ ಮಾತ್ರ ಹೋಗಬಹುದು. ಹೊಳಪಿನ ಪಿಪಿಎಫ್ ಮೇಲೂ ಅದೇ ದ್ರಾವಣ ಸುರಕ್ಷಿತ, ಆದರೆ ಫಿಲ್ಮ್‌ನ ಅಂಚಿಗೆ ಹರಿಯಬಾರದು. ಸಾಲ್ವೆಂಟ್ ಒಳಗೆ ಹೋದರೆ ಅಂಚು ಏಳುತ್ತದೆ. ಫಿಲ್ಮ್ ಹಳದಿಯಾಗಿದ್ದರೆ ಅದು ಮೇಲಿನ ಕಲೆಯಲ್ಲ, ಫಿಲ್ಮೇ ಮಾಗಿದ್ದು. ಒರೆಸುತ್ತಾ ಕೂರುವ ಬದಲು ಆ ತುಂಡನ್ನು ಬದಲಾಯಿಸಿ.

ಎಲ್ಲ ಮಾಡಿ ನೋಡಿದೆ, ಇನ್ನೂ ಇದೆ. ರೀಪೇಂಟ್ ಮಾಡಿಸಲಾ?

ಮೊದಲು ಪೇಂಟ್ ಥಿಕ್‌ನೆಸ್ ಗೇಜ್ ಇರುವ ಡಿಟೇಲಿಂಗ್ ಅಂಗಡಿಯಲ್ಲಿ ಅಳೆಸಿ. ತಗಡಿನ ಪ್ಯಾನಲ್‌ನಲ್ಲಿ 100 ಮೈಕ್ರಾನ್ ಮೇಲಿದ್ದರೆ ಅನುಭವಿಗಳ ಕೈಯಲ್ಲಿ ಒಂದು ಸುತ್ತು ಕಾಂಪೌಂಡ್ ಮಾಡಿಸಲು ಸಾಮಾನ್ಯವಾಗಿ ಅವಕಾಶವಿದೆ. 80ರ ಆಸುಪಾಸಿನಲ್ಲಿದ್ದರೆ ಉಜ್ಜಿಸಬೇಡಿ. 200 ದಾಟಿದರೆ ಆ ಭಾಗ ಹಿಂದೆಯೇ ರೀಪೇಂಟ್ ಆಗಿರುವ ಸಾಧ್ಯತೆ ಹೆಚ್ಚು. ಸಾಮಾನ್ಯ ಗೇಜ್ ಪ್ಲಾಸ್ಟಿಕ್ ಬಂಪರ್ ಮೇಲೆ ಅಳೆಯುವುದಿಲ್ಲ. ಕಲೆಯ ಜಾಗದಲ್ಲಿ ಕ್ಲಿಯರ್ ಕೋಟ್ ಸಿಪ್ಪೆ ಏಳುತ್ತಿದ್ದರೆ, ಬಿರುಕು ಬಿಟ್ಟಿದ್ದರೆ ರೀಪೇಂಟ್ ಬೇಕೇ ಬೇಕು. ಬರೀ ಮಸುಕು ಮಚ್ಚೆ, ಅದೂ ಹತ್ತಿರ ಹೋಗಿ ಹುಡುಕಿದರೆ ಮಾತ್ರ ಕಾಣುವಂಥದ್ದಾದರೆ, ಕಂಪನಿ ಪೇಂಟನ್ನು ಉಳಿಸಿಕೊಳ್ಳಿ. ಕಾರ್ಖಾನೆಯ ಒಲೆಯಲ್ಲಿ ಬೆಂದ ಆ ಪದರದ ಗಟ್ಟಿತನ ಗ್ಯಾರೇಜ್ ಪೇಂಟಿಗೆ ಬರುವುದು ಕಷ್ಟ, ಮಾರುವಾಗಲೂ ಕೊಳ್ಳುವವರು ಮೊದಲು ಕೇಳುವುದು ರೀಪೇಂಟ್ ಆಗಿದೆಯಾ ಎಂದೇ.